ಅಂಗೈಯಗಲದ ಹುಳ

ಕಣ್ಣಿನ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವರಿಗೆ ಕನ್ನಡಕ ಮಾಡಿಕೊಟ್ಟವನು ನಾನೇ. ಮೂವತ್ತೊಂದು ವರ್ಷದಿಂದ ಗಾಜು ಉಜ್ಜುತ್ತಿದ್ದೇನೆ. ನಾನು ಅಂಗಡಿ ತೆರೆಯುವ ಮೊದಲು ಇಲ್ಲಿನ ಗಂಡಸರು ಸಂಜೆ ಯಾರ ಮನೆ ಬಾಗಿಲು ಸಿಕ್ಕಿತೋ ಆ ಮನೆಗೆ ನುಗ್ಗಿ ಊಟಕ್ಕೆ ಕೂರುತ್ತಿದ್ದರು, ಹೆಂಗಸರು ಪಕ್ಕದ ಮನೆ ಮಕ್ಕಳಿಗೆ ತಲೆ ಬಾಚಿ ಸ್ಕೂಲಿಗೆ ಕಳಿಸುತ್ತಿದ್ದರು. ಕನ್ನಡಕ ಹಾಕಿಕೊಂಡ ಮೇಲೆ ಹೆಂಡತಿಯ ಮುಖ ನೆಟ್ಟಗೆ ಕಂಡು, "ಪವರ್ ಸ್ವಲ್ಪ ಕಮ್ಮಿ ಮಾಡ್ಕೊಡಿ" ಅಂತ ವಾಪಸು ಬಂದವರೂ ಇದ್ದಾರೆ. ಯಾರು ಅಂತ ಹೇಳುವುದಿಲ್ಲ, ವ್ಯಾಪಾರದ ಮರ್ಯಾದೆ.

ಇಂಥ ನಾನು ಒಂದು ಹುಳವನ್ನು ಗುರುತಿಸಲಾಗದೆ ನಾಲ್ಕು ದಿನ ಒದ್ದಾಡಿದೆ.

ಹುಳ ಸಿಕ್ಕಿದ್ದು ಊರಾಚೆಯ ಕೊಳದಲ್ಲಿ. ಬುಧವಾರ ಅಂಗಡಿಗೆ ರಜ. ಅವತ್ತು ನಾನು ಉದ್ದನೆಯ ಕೋಲಿಗೆ ಟೀ ಸೋಸುವ ಜಾಲರಿ ಕಟ್ಟಿಕೊಂಡು, ಮುಚ್ಚಳಕ್ಕೆ ತೂತು ಹೊಡೆದ ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ಕೊಳಕ್ಕೆ ಹೋಗುತ್ತೇನೆ. ನಮ್ಮ ಹಾಲ್‌ನಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಎರಡಡಿ ಉದ್ದ ಅಂತ ಹೆಂಡತಿ ಹೇಳುತ್ತಾಳೆ, ಅದರಲ್ಲಿ ದೋಣಿ ಬಿಡಬಹುದು ಅಂತ ನಾನು ಹೇಳುತ್ತೇನೆ. ಅದರಲ್ಲಿ ಅಂಗಡಿಯಿಂದ ತಂದ ಜೀವ ಒಂದೂ ಇಲ್ಲ. ನೀರುಗಿಡ, ಬಸವನಹುಳ, ಬೆರಳಿನ ಗಿಣ್ಣಿನಷ್ಟುದ್ದದ ಹತ್ತು ಬೆಳ್ಳಿ ಮೀನು, ಎಲ್ಲವೂ ಕೊಳದ್ದೇ, ನಾನೇ ಹಿಡಿದು ತಂದಿದ್ದು. ಆ ಮೀನುಗಳನ್ನು ಹಿಡಿಯುವಾಗ ಕೊಳ ನನ್ನನ್ನು ಮೂರು ಸಲ ನುಂಗಿತು. ಸೊಂಟದ ತನಕ ನೆನೆದಿದ್ದಂತೂ ಸತ್ಯ.

"ಆ ಜಾಲರೀನ ತೊಳೀಬೇಡಿ," ಅಂದಳು ಹೆಂಡತಿ. "ನಾಳೆ ಅದರಲ್ಲೇ ಟೀ ಸೋಸ್ತೀನಿ. ನಿಮಗೊಬ್ಬರಿಗೆ."

ಆ ಬುಧವಾರ ಗಿಡದ ಜೊತೆ ಹುಳವೊಂದು ಬಂತು. ಎಣ್ಣೆ ಹಚ್ಚಿ ಒರೆಸಿದ ಹಾಗೆ ಮಿರಮಿರ ಮಿಂಚುವ ಕಪ್ಪು ಬೆನ್ನು, ದೋಣಿಯ ಆಕಾರ, ಹಿಂದೆ ನೀರು ತಳ್ಳುವ ಹುಟ್ಟಿನ ಹಾಗೆ ಎರಡು ಕಾಲು. ನಲವತ್ತೈದು ವರ್ಷದ ಹಿಂದೆ ಇದೇ ಹುಳವನ್ನು ನಾನೂ ಅಕ್ಕನೂ ಹಿಡಿದಿದ್ದೆವು.

ನಮ್ಮ ಹಳೇ ಮನೆಯ ಹಿಂದೆ ಒಂದು ಕೊಳವಿತ್ತು. ಆಗ ನನಗೆ ಹತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ಕೊಳದಲ್ಲಿ ಸಿಕ್ಕಿದ್ದನ್ನೆಲ್ಲ ಬಿಳೀ ತಟ್ಟೆಯಲ್ಲಿ ಬಿಟ್ಟು ನೋಡುತ್ತಿದ್ದೆವು. ನಿಜವಾದ ಹೆಸರು ಹೇಳಿಕೊಡುವವರು ಯಾರೂ ಇರಲಿಲ್ಲ, ಹಾಗಾಗಿ ಮನೆಯವರ, ಬೀದಿಯವರ ಹೆಸರೇ ಇಟ್ಟೆವು. ನೀರಿನ ಮೇಲೆ ಕಾಲಗಲಿಸಿ ಓಡಾಡುವ ಹುಳಕ್ಕೆ ಡ್ರಿಲ್ ಮಾಸ್ಟರ್. ಕೂತರೆ ಏಳದ ಜಿಗಣೆಗೆ ಪಕ್ಕದ್ಮನೆ ಚಿಕ್ಕಮ್ಮ. ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ನಾನು ಚಿತ್ರ ಬರೆಯುತ್ತಿದ್ದೆ, ಅಕ್ಕ ವಿವರ ಬರೆಯುತ್ತಿದ್ದಳು. ನನ್ನ ಚಿತ್ರದಲ್ಲಿ ಸೊಳ್ಳೆ ಮರಿಯೂ ಹಾಳೆ ತುಂಬ ಇರುತ್ತಿತ್ತು. ಅಕ್ಕ ತಟ್ಟೆಯಲ್ಲಿ ಹುಳದ ಪಕ್ಕ ಒಂದು ಬೆಂಕಿಕಡ್ಡಿ ಇಟ್ಟು, ಚಿತ್ರದ ಕೆಳಗೆ 'ಕಾಲು ಕಡ್ಡಿ', 'ಅರ್ಧ ಕಡ್ಡಿ' ಅಂತ ಗುಂಡಗೆ ಬರೆದಿಡುತ್ತಿದ್ದಳು.

ಕಪ್ಪು ಹುಳಗಳು ಎರಡು ಜಾತಿ. ನೋಡಲು ಒಂದರ ಪಡಿಯಚ್ಚು ಇನ್ನೊಂದು. ಒಂದಕ್ಕೆ ಅಜ್ಜಿ ಅಂತ ಹೆಸರು, ಯಾಕೆಂದರೆ ಅದು ಸೊಪ್ಪು ಮೆಲ್ಲುತ್ತಾ ತನ್ನ ಪಾಡಿಗೆ ಇರುತ್ತದೆ. ಇನ್ನೊಂದರ ಹೆಸರು ಬುರುಡೆ. ಅದು ಯಾವಾಗಲೂ ಗಾಳಿಗುಳ್ಳೆ ಬಿಡುತ್ತಿರುತ್ತದೆ, ಬುರುಡೆ ಬಿಡುವುದರಲ್ಲಿ ಮನೆಯಲ್ಲಿ ನನ್ನದು ಮೊದಲ ಸ್ಥಾನ, ಹಾಗಾಗಿ ಅಕ್ಕ ನನ್ನ ಅಡ್ಡಹೆಸರನ್ನೇ ಅದಕ್ಕೂ ಇಟ್ಟಳು. ಬುರುಡೆ ಮೀನು ತಿನ್ನುತ್ತದೆ. ಒಂದು ಸಲ ಬಕೆಟ್ಟಿನಲ್ಲಿದ್ದ ಆರು ಮೀನನ್ನು ಒಂದೇ ವಾರದಲ್ಲಿ ಮುಗಿಸಿತ್ತು. ಎರಡನ್ನೂ ಬೇರೆ ಮಾಡಿ ಹೇಳಲು ಅಕ್ಕನಿಗೆ ಒಂದು ಪರೀಕ್ಷೆ ಗೊತ್ತಿತ್ತು. ಆ ಪರೀಕ್ಷೆ ಏನು ಅನ್ನುವುದು ನನ್ನ ತಲೆಯಿಂದ ಪೂರ್ತಿ ಹಾರಿಹೋಗಿತ್ತು.

ಗುರುವಾರ ಬೆಳಿಗ್ಗೆ ಹೆಂಡತಿ ಮೀನು ಎಣಿಸಿದಳು. ಒಂಬತ್ತು.

"ಭಾನುವಾರದ ತನಕ ಟೈಮ್ ಕೊಡ್ತೀನಿ," ಅಂದಳು. "ಅದೇನು ಅಂತ ಪತ್ತೆ ಮಾಡಿ. ಇಲ್ಲಾಂದ್ರೆ ಹುಳ ಆಚೆಗೆ. ಹುಳದ ಜೊತೆ ಯಾರು ಹೋಗಬೇಕು ಅಂತ ನಾನು ಆಮೇಲೆ ಯೋಚನೆ ಮಾಡ್ತೀನಿ."

ಮೊದಲು ಅಕ್ವೇರಿಯಂ ಅಂಗಡಿಯವನ ಹತ್ತಿರ ಹೋದೆ. ಅವನನ್ನು ಎಲ್ಲರೂ ಪಂಪ್ ಅಂತಲೇ ಕರೆಯುವುದು. ಮೀನು ಸತ್ತರೂ, ನೀರು ಹಸಿರಾದರೂ, ಗಿರಾಕಿಗೇ ತಲೆನೋವು ಬಂದರೂ ಅವನದು ಒಂದೇ ಔಷಧಿ: "ಪಂಪ್ ಬದಲಾಯಿಸಿ."

"ಎಷ್ಟು ದೊಡ್ಡದು?" ಅಂತ ಕೇಳಿದ.

"ಅಂಗೈ ಅಗಲ," ಅಂದೆ.

"ಅಂಗೈ ಅಗಲ ಇದ್ರೆ ಅದು ಹುಳ ಅಲ್ಲ ಸಾರ್. ಆಮೆ."

"ಆರು ಕಾಲಿದೆ ಕಣಯ್ಯ."

ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ಹಾಗಿದ್ರೆ ಎರಡು ಆಮೆ. ಎರಡು ಕಾಲು ಒಳಗೆ ಎಳ್ಕೊಂಡಿವೆ."

ಫೋಟೋ ತೋರಿಸಿದೆ. ಆ ಫೋಟೋ ತೆಗೆಯುವಾಗ ಅಂಗಡಿಯಿಂದ ತಂದ ಇಪ್ಪತ್ತು ಪವರಿನ ಗಾಜನ್ನು ಫೋನಿನ ಮುಂದೆ ಹಿಡಿದಿದ್ದೆ. ನನ್ನ ಕಸುಬಿನವರು ಬರಿಗಣ್ಣಲ್ಲಿ ಏನನ್ನೂ ನೋಡುವುದಿಲ್ಲ. ಹುಳ ಅದರಲ್ಲಿ ಕೆಸರಿಂದ ಎದ್ದ ಎಮ್ಮೆಯ ಹಾಗೆ ಬಂದಿತ್ತು. ಪಂಪ್ ಫೋನನ್ನು ಮೆಲ್ಲಗೆ ನನ್ನ ಕೈಗೆ ವಾಪಸು ಕೊಟ್ಟು, "ಇದನ್ನ ಮನೇಲಿ ಇಟ್ಕೊಂಡಿದೀರಾ? ಬಾಗಿಲು ಹಾಕ್ಕೊಂಡು ಮಲಗಿ," ಅಂದ.

ಅವತ್ತು ಸಂಜೆ ಅದೇ ಫೋಟೋವನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. 'ಅಂಗೈ ಅಗಲ ಇದೆ. ಅಜ್ಜಿಯೋ ಬುರುಡೆಯೋ ಗೊತ್ತಾಗುತ್ತಿಲ್ಲ. ತಿಳಿದವರು ಹೇಳಿ,' ಅಂತ ಬರೆದೆ. ಗುಂಪಿನಲ್ಲಿ ನಲವತ್ತೆರಡು ಜನ ಇದ್ದಾರೆ. ಆ ಮಾತು ಅರ್ಥವಾಗುವುದು ಅವರಲ್ಲಿ ಒಬ್ಬಳಿಗೆ ಮಾತ್ರ, ನಾನು ಬರೆದದ್ದೂ ಅವಳೊಬ್ಬಳಿಗೇ.

ಅಕ್ಕ ನನ್ನ ಜೊತೆ ಮಾತು ಬಿಟ್ಟು ಏಳು ವರ್ಷ.

ಇನ್ನು ಮುಂದೆ ಹೇಳುವುದರಲ್ಲಿ ನಾನು ಏನನ್ನೂ ಸೇರಿಸಿಲ್ಲ. ಭಾವನಿಗೆ ಒಂದು ದಿನ ಎಡಗಣ್ಣಿನ ಮೂಲೆಯಲ್ಲಿ ಪರದೆ ಇಳಿದ ಹಾಗೆ ಕಾಣತೊಡಗಿತು. ಅಕ್ಕ ನನಗೆ ಫೋನ್ ಮಾಡಿದಳು. ತಮ್ಮನದು ಕನ್ನಡಕದ ಅಂಗಡಿ, ಇನ್ನಾರನ್ನು ಕೇಳಬೇಕು? ನಾನು ಹೇಳಿದೆ, "ದೊಡ್ಡ ಡಾಕ್ಟ್ರು ನನ್ನ ಜೀವದ ಗೆಳೆಯ ಅಕ್ಕ. ನನ್ನ ಕೇಳದೆ ಯಾರ ಕಣ್ಣಿಗೂ ಕೈ ಹಾಕಲ್ಲ. ಈಗ ಊರಲ್ಲಿಲ್ಲ, ಬಂದ ದಿನವೇ ತೋರಿಸ್ತೀನಿ. ಬೇರೆ ಎಲ್ಲೂ ಹೋಗಬೇಡಿ." ಆ ಡಾಕ್ಟರ ಕನ್ನಡಕದ ಸ್ಕ್ರೂ ಒಂದು ಸಲ ರಸ್ತೆಯಲ್ಲಿ ಸಡಿಲವಾದಾಗ ನಾನು ಬಿಗಿಮಾಡಿ ಕೊಟ್ಟಿದ್ದೆ. ನಮ್ಮಿಬ್ಬರ ಗೆಳೆತನ ಅಷ್ಟೇ. ಅಕ್ಕ, ಭಾವ ಹತ್ತೊಂಬತ್ತು ದಿನ ಕಾದರು. ಡಾಕ್ಟರು ಬಂದರು, ನೋಡಿದರು. ಮೊದಲ ವಾರವೇ ಬಂದಿದ್ದರೆ ಕಣ್ಣು ಉಳಿಸಬಹುದಿತ್ತು ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಇವರಿಗೆ ಏನಾಗಬೇಕು?" ಅಂತ ಕೇಳಿದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅಕ್ಕ ಕೂಗಾಡಲಿಲ್ಲ. "ನೀನು ಹೇಳೋದ್ರಲ್ಲಿ ಮೂರರಲ್ಲಿ ಒಂದು ಪಾಲು ನಿಜ ಅಂತ ಚಿಕ್ಕಂದಿನಿಂದ ನಂಗೊತ್ತು," ಅಂದಳು. "ಅವತ್ತೊಂದಿನ ಭಾಗಿಸೋದು ಮರೆತೆ. ತಪ್ಪು ನಂದೇ." ಭಾವನ ಕೈ ಹಿಡಿದುಕೊಂಡು ಇಳಿದು ಹೋದಳು.

ನನ್ನ ಹೆಂಡತಿಯೂ ಅಕ್ಕನೂ ಮಾತ್ರ ತಿಂಗಳಿಗೊಮ್ಮೆ ಮಾತಾಡುತ್ತಾರೆ. ಅವರು ಮಾತಾಡುವಷ್ಟು ಹೊತ್ತು ನಾನು ಬಾಗಿಲ ಪಕ್ಕ ಚಪ್ಪಲಿ ಹುಡುಕುತ್ತಿರುತ್ತೇನೆ. ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಅಷ್ಟೊಂದು ಚಪ್ಪಲಿ ಹುಡುಕಿದವನು ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಕೇಳಿಸುವುದು ಮಾತಲ್ಲ. ಫೋನಿನಿಂದ ಸೋರುವ ದನಿಯ ಏರಿಳಿತ ಅಷ್ಟೇ, ಸಣ್ಣಗೆ, ಗೋಡೆಯಾಚೆ ಯಾರೋ ಪಾತ್ರೆ ಜೋಡಿಸಿದ ಹಾಗೆ. ಕೆಲವು ಸಲ ನಗು.

ಗುಂಪಿನಲ್ಲಿ ಉತ್ತರಗಳು ಬಂದವು. ದೊಡ್ಡಪ್ಪನ ಮಗ, 'ಮೈಲೇಜ್ ಎಷ್ಟು ಕೊಡತ್ತೆ?' ಅಂದ. ಚಿಕ್ಕಮ್ಮನ ಮಗಳು, 'ಅಣ್ಣ, ನಿನ್ನ ಫೋಟೋ ಯಾಕೆ ಇಲ್ಲಿ ಹಾಕಿದೀಯ?' ಅಂದಳು. ಅಕ್ಕ ನೋಡಿದ್ದಾಳೆ ಅಂತ ಫೋನು ತೋರಿಸಿತು. ಸಂಜೆ ಆರು ಹತ್ತಕ್ಕೆ. ಏನೂ ಬರೆಯಲಿಲ್ಲ.

ಶುಕ್ರವಾರ ಅಂಗಡಿಯಲ್ಲಿ ಒಬ್ಬರ ಬಲಗಣ್ಣಿನ ಗಾಜನ್ನು ಎಡಗಣ್ಣಿಗೆ ಕೂರಿಸಿದೆ. ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು. ಪುಣ್ಯಕ್ಕೆ ಅವರು, "ಈಗ ಮೊದಲಿಗಿಂತ ಚೆನ್ನಾಗಿ ಕಾಣತ್ತೆ," ಅಂದರು. ನನ್ನ ತಪ್ಪಿಗೂ ಅಷ್ಟು ಶಕ್ತಿ ಇದೆ. ಶನಿವಾರ ಮೀನು ಎಂಟು.

"ಅಕ್ಕಂಗೆ ಫೋನ್ ಮಾಡ್ರೀ," ಅಂದಳು ಹೆಂಡತಿ.

"ಒಂದು ಹುಳದ ವಿಷಯಕ್ಕೆಲ್ಲ ಯಾರಾದ್ರೂ ಫೋನ್ ಮಾಡ್ತಾರಾ?"

"ಹುಳದ ವಿಷಯಕ್ಕೆ ಅಂತ ನಾನೆಲ್ಲಿ ಅಂದೆ."

ನಾನು ತೊಟ್ಟಿಯ ಗಾಜು ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಆ ಗಾಜನ್ನು ನಾನು ಒರೆಸಿದ ರಭಸಕ್ಕೆ ಅದು ತೆಳುವಾಗಿ ಹರಿದುಹೋಗಬೇಕಿತ್ತು.

ಭಾನುವಾರ ಮಧ್ಯಾಹ್ನ ಊಟವಾಗಿತ್ತು. ಹುಳದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಫೋನ್ ಬಂತು. ಭಾವನ ನಂಬರು. ಏಳು ವರ್ಷದಲ್ಲಿ ಒಮ್ಮೆಯೂ ಬಂದಿರದ ನಂಬರು.

"ಏನಪ್ಪಾ ಭಾವಮೈದ," ಅಂದರು ಭಾವ, ನಿನ್ನೆ ಸಂಜೆ ತಾನೇ ಜೊತೆಯಲ್ಲಿ ನಡೆದು ಬಂದವರ ಹಾಗೆ. "ನಿಮ್ಮಕ್ಕ ಒಂದೆರಡು ಮಾತು ಕೇಳು ಅಂದ್ಲು. ನಂಗೇನೂ ಗೊತ್ತಿಲ್ಲ, ನಾನು ಬರೀ ತಂತಿ. ಯಾವ ಗಾಜು ಹಿಡಿದು ಫೋಟೋ ತೆಗೆದೆ ಅಂತ ಕೇಳ್ತಿದಾಳೆ."

"ಗಾಜಾ? ಯಾವ ಗಾಜೂ ಇಲ್ಲ ಭಾವ."

ಆ ಕಡೆ ಸಣ್ಣದೊಂದು ಗೊಣಗಾಟ. ಗೋಡೆಯಾಚೆಯ ದನಿ, ಆದರೆ ಈಗ ನನ್ನ ಕಿವಿಗೇ.

"ಸುಳ್ಳಂತೆ. ಹುಳದ ಅಂಚಲ್ಲಿ ಕಾಮನಬಿಲ್ಲಿನ ಬಣ್ಣ ಬಂದಿದೆಯಂತೆ."

ಕನ್ನಡಕದವನ ಅಕ್ಕ. ದಪ್ಪ ಗಾಜಿನ ಅಂಚಿನಲ್ಲಿ ಬಣ್ಣ ಒಡೆಯುತ್ತದೆ ಅಂತ ಅವಳಿಗೆ ತೋರಿಸಿಕೊಟ್ಟವನೂ ನಾನೇ. "ಇಪ್ಪತ್ತು ಪವರು," ಅಂದೆ.

"ಇಪ್ಪತ್ತಂತೆ ಕಣೇ," ಅಂದರು ಭಾವ ಆ ಕಡೆಗೆ. ಆಮೇಲೆ ಈ ಕಡೆಗೆ, "ನನ್ನ ಒಂಟಿ ಕಣ್ಣಿಗೂ ಅದು ಬಸ್ಸಿನಷ್ಟು ಕಂಡಿತ್ತಪ್ಪ. ಪರವಾಗಿಲ್ಲ ಇನ್ನೂ ದೃಷ್ಟಿ ಇದೆ ಅಂದ್ಕೊಂಡೆ. ಅಂಗೈ ಅಗಲ ಅಂತ ಬರೆದಿದೀಯಲ್ಲ, ಯಾರ ಅಂಗೈ ಅಂತ ಕೇಳ್ತಾಳೆ."

"ನಂದೇ."

"ಈಗಿನದೋ, ಹುಟ್ಟಿದಾಗಿನದೋ?"

ಒಂಟಿ ಕಣ್ಣು ಅನ್ನುವ ಮಾತನ್ನು ಅವರು ಎಷ್ಟು ಹಗುರವಾಗಿ ಆಡಿ ಮುಂದೆ ಹೋಗಿಬಿಟ್ಟಿದ್ದರು ಅಂದರೆ, ನಾನು ಅಲ್ಲೇ ಉಳಿದಿದ್ದೆ.

"ಇದೀಯೇನಪ್ಪಾ? ಕಡ್ಡಿ ಇಟ್ಟು ಅಳೆಯಬೇಕಂತೆ."

ಅಡುಗೆಮನೆಯಿಂದ ಬೆಂಕಿಪೊಟ್ಟಣ ತಂದೆ. ಹುಳ ಗಾಜಿನ ಪಕ್ಕದಲ್ಲೇ ಗಿಡ ಹಿಡಿದು ಕೂತಿತ್ತು. ಈ ಕಡೆಯಿಂದ ಗಾಜಿಗೆ ಕಡ್ಡಿ ಒತ್ತಿ ಹಿಡಿದೆ. ಎರಡು ಕಡ್ಡಿ ಜಾರಿ ಬಿದ್ದವು, ಮೂರನೆಯದು ನಿಂತಿತು.

"ಮುಕ್ಕಾಲು ಕಡ್ಡಿ," ಅಂದೆ.

ನನ್ನ ಬಾಯಲ್ಲಿ ಒಂದಕ್ಕಿಂತ ಕಮ್ಮಿ ಲೆಕ್ಕ ಬಂದದ್ದು ಕೇಳಿ ಹೆಂಡತಿ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

"ಮುಕ್ಕಾಲಂತೆ," ಅಂದರು ಭಾವ. "ಏನು? ಹಾಂ. ಏನಪ್ಪಾ, ಅದು ಉಸಿರು ತಗೊಳ್ಳೋವಾಗ... ಏನು? ಉಸಿರು ಎಲ್ಲಿಂದ ತಗೊಳ್ಳತ್ತೆ ಅಂತ... ಅಲ್ಲವಂತೆ. ತಾಳು, ನಿಧಾನವಾಗಿ ಹೇಳೇ, ಎಲ್ಲಾ ಒಟ್ಟಿಗೆ ತುರುಕಿದ್ರೆ ತಂತಿ ಸುಟ್ಟೋಗತ್ತೆ."

"ಕೊಡಿ ಇಲ್ಲಿ," ಅಂತ ಕೇಳಿಸಿತು. "ನಿಮ್ಮನ್ನ ನೆಚ್ಕೊಂಡ್ರೆ ಸಂಜೆ ಆಗತ್ತೆ."

ಫೋನು ಕೈ ಬದಲಾದ ಸದ್ದು. ಬಳೆಯದೋ ಏನೋ ಸಣ್ಣ ಕಿಣಿಕಿಣಿ. ಒಂದು ಉಸಿರು.

"ಹುಳ ಎಲ್ಲಿದೆ ಈಗ?" ಅಂದಳು ಅಕ್ಕ.

ಏಳು ವರ್ಷದಿಂದ ಅವಳು ಮೊದಲು ಏನು ಹೇಳಬಹುದು ಅಂತ ನಾನು ಒಂದು ಲಕ್ಷ ಬಗೆಯಲ್ಲಿ ಯೋಚಿಸಿದ್ದೆ. ಈ ಲಕ್ಷವನ್ನು ಯಾರೂ ಭಾಗಿಸಬೇಕಾಗಿಲ್ಲ. ಬೈಗುಳ ಯೋಚಿಸಿದ್ದೆ, ಅಳು ಯೋಚಿಸಿದ್ದೆ, ಒಂದೊಂದಕ್ಕೂ ನನ್ನ ಉತ್ತರ ತಯಾರಿತ್ತು. ಹುಳ ಎಲ್ಲಿದೆ ಅನ್ನುವುದಕ್ಕೆ ಮಾತ್ರ ತಯಾರಿ ಮಾಡಿಕೊಂಡಿರಲಿಲ್ಲ.

"ತಳದಲ್ಲಿ," ಅಂದೆ. ಗಾಜಿನ ಹತ್ತಿರ ಬಗ್ಗಿ ಮತ್ತೆ ಹೇಳಿದೆ, "ತಳದಲ್ಲಿ ಅಕ್ಕ. ಗಿಡ ಹಿಡ್ಕೊಂಡಿದೆ."

"ಮೀನೆಷ್ಟು ಹೋಯ್ತು?"

"ಎರಡು."

"ಎರಡು ಅಂದ್ರೆ ಎರಡೇನಾ?"

"ಎರಡೇ."

"ಹೂಂ." ಅವಳ ದನಿ ಸಣ್ಣಗಾಗಿತ್ತು, ನಡುವೆ ಎಲ್ಲೋ ಸೀಳು ಬಿಟ್ಟಿತ್ತು. ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಅದು ಉಸಿರಿಗೆ ಮೇಲೆ ಬರತ್ತಲ್ಲ. ಬಂದಾಗ ಮೊದಲು ನೀರಿಂದ ಹೊರಗಿಡೋದು ತಲೆನೋ ಬಾಲಾನೋ? ತಲೆ ಇಟ್ರೆ ಅಜ್ಜಿ, ಏನೂ ಮಾಡಲ್ಲ, ಮೀನು ತಾವೇ ಸತ್ತಿರಬೇಕು. ಬಾಲ ಇಟ್ರೆ ಬುರುಡೆ. ಇವತ್ತೇ ತಗೊಂಡೋಗಿ ಕೊಳಕ್ಕೆ ಬಿಟ್ಟು ಬಾ. ಅಷ್ಟೇ, ಹೇಳು, ಫೋನ್ ಇಡ್ತೀನಿ."

ಅದೇ ಪರೀಕ್ಷೆ. ಅವಳು ಹೇಳಿದ ಕೂಡಲೇ ಬಿಳೀ ತಟ್ಟೆ, ಅದರ ಮೇಲೆ ಬಾಗಿದ ಎರಡು ಜಡೆ, ಮೊಣಕಾಲಿಗೆ ಅಂಟಿದ ಕೆಸರು, ಎಲ್ಲಾ ಒಟ್ಟಿಗೆ ನೆನಪಾದವು. ಉಸಿರು ಬಿಗಿಹಿಡಿದು, ತಲೆಗೆ ತಲೆ ತಾಗಿಸಿ, ಹುಳ ಉಸಿರು ತೆಗೆದುಕೊಳ್ಳುವುದನ್ನೇ ಕಾಯುತ್ತಿದ್ದೆವು ನಾವು.

ಇನ್ನು ಉತ್ತರ. ನಾಲ್ಕು ದಿನದಿಂದ ಆ ಹುಳದ ಮುಂದೆ ನಾನು ಊಟ ಮಾಡಿದ್ದೇನೆ, ಟೀ ಕುಡಿದಿದ್ದೇನೆ, ಪೇಪರ್ ಓದಿದ್ದೇನೆ. ಅದು ಮೇಲೆ ಬಂದಿದ್ದನ್ನು ಕಮ್ಮಿಯೆಂದರೆ ಇನ್ನೂರು ಸಲ ನೋಡಿದ್ದೇನೆ. ಇನ್ನೂರು ಸಲವೂ ಬಾಲ. ಬಾಲದ ತುದಿಯನ್ನು ನೀರಿಂದ ಹೊರಗೆ ಚಾಚಿ, ಒಂದು ಗಾಳಿಗುಳ್ಳೆಯನ್ನು ಹಿಂದೆ ಸಿಕ್ಕಿಸಿಕೊಂಡು, ಜಂಬದಿಂದ ಕೆಳಗಿಳಿಯುತ್ತಿತ್ತು. ಅದು ಏನು ಅನ್ನುವುದರಲ್ಲಿ ಈಗ ಅನುಮಾನವೇ ಇರಲಿಲ್ಲ. ಬಾಲ ಅಂದರೆ ಎರಡಕ್ಷರ. ಹೇಳಲು ಒಂದು ಕ್ಷಣ ಬೇಡ. ಹೇಳಿದರೆ ಅವಳು ಸರಿ ಅನ್ನುತ್ತಾಳೆ, ಫೋನ್ ಇಡುತ್ತಾಳೆ.

ಹುಟ್ಟಿದಾಗಿನಿಂದ ನನಗೆ ಗೊತ್ತಿಲ್ಲದ್ದನ್ನೆಲ್ಲ ಗೊತ್ತು ಅಂದವನು ನಾನು.

"ಗೊತ್ತಿಲ್ಲ ಅಕ್ಕ," ಅಂದೆ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಟ್ಟೆಯನ್ನು ಸದ್ದಾಗದ ಹಾಗೆ ಮೇಜಿನ ಮೇಲಿಟ್ಟಳು. ಆ ಕಡೆ ಅಕ್ಕನ ಮನೆಯ ಫ್ಯಾನಿನ ಸದ್ದು ಕೇಳುತ್ತಿತ್ತು, ಭಾವ ಎಲ್ಲೋ ಕೆಮ್ಮಿದ್ದು ಕೇಳಿತು.

"ನಾಲ್ಕು ದಿನದಿಂದ ಮುಂದೇನೇ ಇದೆ," ಅಂದಳು ಕೊನೆಗೆ. "ನೋಡ್ಲಿಲ್ವಾ?"

"ಇಲ್ಲ."

"ಒಂದ್ಸಲಾನೂ?"

"ನೋಡಿದೆ. ಸರಿಯಾಗಿ ನೋಡ್ಲಿಲ್ಲ. ನಂಗೆ ಗೊತ್ತಾಗಲಿಲ್ಲ ಅಕ್ಕ. ಗೊತ್ತಿಲ್ಲ ಅಂತ ಅವತ್ತೇ ಹೇಳಬೇಕಿತ್ತು."

ಈ ಕೊನೆಯ ಮಾತು ಹುಳದ ಬಗ್ಗೆ ಆಗಿರಲಿಲ್ಲ. ಅವಳಿಗೆ ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. ಫ್ಯಾನು ತಿರುಗುತ್ತಿತ್ತು. ಅವಳು ಮೂಗು ಒರೆಸಿಕೊಂಡ ಹಾಗೆ ಕೇಳಿಸಿತು. ಕುರ್ಚಿ ಎಳೆದ ಸದ್ದೂ ಬಂತು. ಇಷ್ಟು ಹೊತ್ತು ನಿಂತೇ ಮಾತಾಡುತ್ತಿದ್ದಳು, ಈಗ ಕೂತಳು.

"ಸರಿ," ಅಂದಳು. "ಈಗ ನೋಡು. ಮೇಲೆ ಬಂದಾಗ ಹೇಳು. ನಾನು ಫೋನ್ ಹಿಡ್ಕೊಂಡಿರ್ತೀನಿ."

ನಾನು ನೆಲದ ಮೇಲೆ ಕೂತು ಗಾಜಿಗೆ ಮೂಗು ತಾಗಿಸಿದೆ. ಹುಳ ಗಿಡದ ಕಾಂಡ ಬಿಟ್ಟಿತು. ಹಿಂದಿನ ಎರಡು ಕಾಲನ್ನೂ ಒಟ್ಟಿಗೆ ಒದ್ದು, ಓರೆಯಾಗಿ ಮೇಲೇರಿ, ನೀರಿನ ಮೇಲ್ಮೈಗೆ ಬಾಲ ಚುಚ್ಚಿ ನಿಂತಿತು. ಗಾಳಿ ತುಂಬಿಕೊಂಡಿತು. ಇಳಿಯಿತು.

"ಬಂತಾ?" ಅಂದಳು ಅಕ್ಕ.

"ಇನ್ನೂ ಇಲ್ಲ," ಅಂದೆ.

"ನಿಧಾನವಾಗಿ ಬರಲಿ," ಅಂದಳು.